ಒಳಕ್ಕೆ ಬಾಗಿದ ಸರಳುಗಳು: ಇಬಿಆರ್-1 ರಿಯಾಕ್ಟರ್ ಕರಗಿದ ಪ್ರಕರಣ

1955ರ ನವೆಂಬರ್ 29ರಂದು ಅಮೆರಿಕದ ಇಡಾಹೊ ರಾಜ್ಯದ ಒಣ ಬಯಲಿನಲ್ಲಿ, ಆರ್ಕೊ ಎಂಬ ಪುಟ್ಟ ಊರಿನ ಹತ್ತಿರ, ಒಂದು ಪರಮಾಣು ರಿಯಾಕ್ಟರಿನ ಅರ್ಧದಷ್ಟು ಇಂಧನ ಕರಗಿಹೋಯಿತು. ಯಾರಿಗೂ ಏನೂ ಆಗಲಿಲ್ಲ. ಸದ್ದೂ ಕೇಳಲಿಲ್ಲ. ಹದಿನೈದು ನಿಮಿಷ ಕಳೆದ ಮೇಲೆ ಕಟ್ಟಡದೊಳಗಿನ ವಿಕಿರಣ ಮಾಪಕಗಳು ಎಚ್ಚರಿಸಿದವು, ಎಲ್ಲರೂ ಹೊರಗೆ ಬಂದರು.

ಈ ಘಟನೆಯನ್ನು ಹೇಳುವವರು ಸಾಮಾನ್ಯವಾಗಿ ‘ಆಪರೇಟರ್ ತಪ್ಪು ಗುಂಡಿ ಒತ್ತಿದ, ಕೋರ್ ಕರಗಿತು’ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. (ಕೋರ್ ಅಂದರೆ ಇಂಧನದ ಸರಳುಗಳಿರುವ ರಿಯಾಕ್ಟರಿನ ನಡುಭಾಗ.) ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಗುಂಡಿಯಿಂದ ಆದದ್ದು ಎರಡು ಸೆಕೆಂಡಿನ ತಡ ಅಷ್ಟೇ. ಆ ಎರಡು ಸೆಕೆಂಡನ್ನು ಅಷ್ಟು ದುಬಾರಿ ಮಾಡಿದ ದೋಷ ಕೋರಿನ ಒಳಗೆ ಬಹಳ ದಿನದಿಂದ ಕೂತಿತ್ತು. ಅದೂ ಭೌತವಿಜ್ಞಾನದ ದೊಡ್ಡ ಗುಟ್ಟೇನಲ್ಲ. ಕಬ್ಬಿಣದ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ವಿಷಯ: ಒಂದು ಪಕ್ಕ ಮಾತ್ರ ಬಿಸಿಯಾದ ಸರಳು ಬಾಗುತ್ತದೆ.

ಮೊದಲು ರಿಯಾಕ್ಟರಿನ ಪರಿಚಯ ಮಾಡಿಕೊಳ್ಳೋಣ. ಪೂರ್ತಿ ಹೆಸರು ಎಕ್ಸ್‌ಪೆರಿಮೆಂಟಲ್ ಬ್ರೀಡರ್ ರಿಯಾಕ್ಟರ್-1, ಚಿಕ್ಕದಾಗಿ ಇಬಿಆರ್-1. ಕಟ್ಟಿದ್ದು ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯ, ಮುಂದಾಳು ವಾಲ್ಟರ್ ಜಿನ್. 1942ರಲ್ಲಿ ಷಿಕಾಗೊದಲ್ಲಿ ಎನ್ರಿಕೊ ಫರ್ಮಿಯ ಜೊತೆ ಮೊದಲ ರಿಯಾಕ್ಟರ್ ಕಟ್ಟಿದವರಲ್ಲಿ ಈ ಜಿನ್ ಕೂಡ ಒಬ್ಬರು. 1951ರ ಡಿಸೆಂಬರ್ 20ರ ಮಧ್ಯಾಹ್ನ ಇಬಿಆರ್-1 ನಾಲ್ಕು ಬಲ್ಬುಗಳನ್ನು ಉರಿಸಿತು, ಒಂದೊಂದೂ 200 ವ್ಯಾಟ್. ಪರಮಾಣು ಶಾಖದಿಂದ ಬಳಸಬಹುದಾದಷ್ಟು ವಿದ್ಯುತ್ ಬಂದದ್ದು ಅದೇ ಮೊದಲು. ಅಲ್ಲಿದ್ದವರು ಸೀಮೆಸುಣ್ಣ ತೆಗೆದುಕೊಂಡು ಜನರೇಟರಿನ ಪಕ್ಕದ ಗೋಡೆ ಮೇಲೆ ತಮ್ಮ ತಮ್ಮ ಹೆಸರು ಬರೆದರು. ಈಗ ಆ ಕಟ್ಟಡ ವಸ್ತುಸಂಗ್ರಹಾಲಯವಾಗಿದೆ, ಗೋಡೆಯ ಮೇಲಿನ ಹೆಸರುಗಳು ಹಾಗೇ ಇವೆ.

ಆದರೆ ಅದನ್ನು ಕಟ್ಟಿದ್ದು ಬಲ್ಬು ಉರಿಸಲು ಅಲ್ಲ. ರಿಯಾಕ್ಟರ್ ತಾನು ಸುಡುವ ಇಂಧನಕ್ಕಿಂತ ಜಾಸ್ತಿ ಇಂಧನ ಹುಟ್ಟಿಸಬಲ್ಲದೇ? ಅವತ್ತು ಯುರೇನಿಯಂ ತುಂಬಾ ಅಪರೂಪ ಎಂದು ಎಲ್ಲರೂ ನಂಬಿದ್ದರು. ಅದರಲ್ಲೂ ಸುಲಭವಾಗಿ ಒಡೆಯುವ ಯುರೇನಿಯಂ-235 ಇರುವುದು ನೂರಕ್ಕೆ ಒಂದು ಭಾಗಕ್ಕಿಂತ ಕಡಿಮೆ. ಮಿಕ್ಕ ಯುರೇನಿಯಂ-238ನ್ನು ಪ್ಲುಟೋನಿಯಂ ಆಗಿ ಮಾಡಿಕೊಂಡರೆ ಇಂಧನದ ಚಿಂತೆಯೇ ಇಲ್ಲ. ಅದಕ್ಕೆ ನ್ಯೂಟ್ರಾನುಗಳ ವೇಗ ತಗ್ಗಿಸಬಾರದು, ಹುಟ್ಟಿದ ವೇಗದಲ್ಲೇ ಓಡಾಡಲು ಬಿಡಬೇಕು. ಫಾಸ್ಟ್ ರಿಯಾಕ್ಟರ್ ಎಂಬ ಹೆಸರು ಬಂದದ್ದು ಹೀಗೆ. ನೀರು ನ್ಯೂಟ್ರಾನಿನ ವೇಗ ತಗ್ಗಿಸುವುದರಿಂದ ಅಲ್ಲಿ ನೀರಿಗೆ ಜಾಗವಿಲ್ಲ. ಇಬಿಆರ್-1ರಲ್ಲಿ ಶಾಖ ಹೊರುತ್ತಿದ್ದದ್ದು ಸೋಡಿಯಂ ಮತ್ತು ಪೊಟ್ಯಾಸಿಯಂ ಬೆರೆಸಿದ ದ್ರವಲೋಹ. ಇದನ್ನು ‘ನ್ಯಾಕ್’ ಅನ್ನುತ್ತಾರೆ. ಕೋಣೆಯ ತಾಪದಲ್ಲೇ ಪಾದರಸದ ಹಾಗೆ ಹರಿಯುತ್ತದೆ, ನೀರು ಸೋಕಿದರೆ ಹೊತ್ತಿಕೊಳ್ಳುತ್ತದೆ.

1953ರಲ್ಲಿ ಉತ್ತರ ಸಿಕ್ಕಿತು. ಒಂದು ಪರಮಾಣು ಸುಟ್ಟರೆ ಹೆಚ್ಚುಕಡಿಮೆ ಒಂದು ಪರಮಾಣು ಹುಟ್ಟುತ್ತಿತ್ತು. ಲೆಕ್ಕಕ್ಕೆ ಸಿಕ್ಕ ಅಂಕಿ 1.01. ಬ್ರೀಡಿಂಗ್, ಅಂದರೆ ಹೀಗೆ ಇಂಧನ ಹುಟ್ಟಿಸುವುದು, ಸಾಧ್ಯ ಎನ್ನಲು ಇಷ್ಟು ಸಾಕಿತ್ತು.

ಕೋರಿನ ಗಾತ್ರ ಕೇಳಿದರೆ ಆಶ್ಚರ್ಯವಾಗುತ್ತದೆ. ಒಂದು ಫುಟ್‌ಬಾಲಿನಷ್ಟು. ಸುಮಾರು 19 ಸೆಂಟಿಮೀಟರ್ ಅಗಲ, 21 ಸೆಂಟಿಮೀಟರ್ ಎತ್ತರ. ಅಷ್ಟರೊಳಗೆ ಸಮೃದ್ಧಗೊಳಿಸಿದ ಯುರೇನಿಯಂ ಲೋಹ ತುಂಬಿದ 217 ಸ್ಟೀಲ್ ಸರಳುಗಳು ಜೇನುಗೂಡಿನ ಹಾಗೆ ಷಟ್ಕೋನವಾಗಿ ನಿಂತಿದ್ದವು. ಪೂರ್ಣ ಶಕ್ತಿಯಲ್ಲಿ ಅಲ್ಲಿಂದ ಒಂದು ಮೆಗಾವ್ಯಾಟಿಗೂ ಜಾಸ್ತಿ ಶಾಖ ಹೊರಬರುತ್ತಿತ್ತು. ಸರಳುಗಳ ನಡುವಿನ ಸಂದು ಬಹಳ ಸಣ್ಣದು, ಅದರಲ್ಲೇ ನ್ಯಾಕ್ ಹರಿಯಬೇಕು.

ಇಂಥ ಕೋರಿನಲ್ಲಿ ಸರಳುಗಳು ಕೂದಲೆಳೆಯಷ್ಟು ಹತ್ತಿರ ಬಂದರೂ ಲೆಕ್ಕ ಬದಲಾಗುತ್ತದೆ. ನ್ಯೂಟ್ರಾನುಗಳು ಹೊರಗೆ ತಪ್ಪಿಸಿಕೊಳ್ಳುವುದು ಕಡಿಮೆಯಾಗುತ್ತದೆ, ಸರಪಳಿ ಕ್ರಿಯೆ ಬಲವಾಗುತ್ತದೆ. ದೂರ ಸರಿದರೆ ತದ್ವಿರುದ್ಧ. ಆಗಿನ ಲೆಕ್ಕಗಳಲ್ಲಿ ಸರಳುಗಳು ಇಟ್ಟ ಕಡೆ ನೆಟ್ಟಗೆ ನಿಂತಿರುತ್ತವೆ, ಬಿಸಿಯಾದರೆ ಎಲ್ಲವೂ ಸ್ವಲ್ಪ ಹಿಗ್ಗುತ್ತವೆ, ಹಿಗ್ಗಿದರೆ ಶಕ್ತಿ ತಾನಾಗಿ ಇಳಿಯುತ್ತದೆ ಎಂದಿತ್ತು. ಅರ್ಧ ಸರಿ.

1954ರ ಹೊತ್ತಿಗೆ ಕೋರಿನ ಎರಡನೇ ಆವೃತ್ತಿ, ಮಾರ್ಕ್-2, ಬಂದಿತ್ತು. ಶುದ್ಧ ಯುರೇನಿಯಂ ಲೋಹ ವಿಕಿರಣದಲ್ಲಿ ವಿಚಿತ್ರವಾಗಿ ವರ್ತಿಸುತ್ತದೆ. ಒಂದು ದಿಕ್ಕಿಗೆ ಉದ್ದವಾಗುತ್ತದೆ, ಇನ್ನೊಂದು ದಿಕ್ಕಿಗೆ ಕುಗ್ಗುತ್ತದೆ, ಮೈ ಸುಕ್ಕುಗಟ್ಟುತ್ತದೆ. ಅದನ್ನು ಹತೋಟಿಗೆ ತರಲು ಶೇ. 2ರಷ್ಟು ಜಿರ್ಕೋನಿಯಂ ಬೆರೆಸಿದ್ದರು. ಅಂದರೆ ಇಂಧನದ ಆಕಾರ ಕೆಡಬಾರದು ಎಂಬ ಕಾಳಜಿ ಅವರಿಗೆ ಇತ್ತು. ಆ ಕಾಳಜಿ ಲೋಹದ ಒಳಗಿನ ತನಕ ಹೋಯಿತು. ಇಡೀ ಸರಳನ್ನು ಯಾರು, ಎಲ್ಲೆಲ್ಲಿ ಹಿಡಿದುಕೊಂಡಿದ್ದಾರೆ ಎಂಬಲ್ಲಿಗೆ ಇನ್ನೂ ತಲುಪಿರಲಿಲ್ಲ.

ಸುಳಿವು ಸಿಕ್ಕಿತ್ತು. ಶಕ್ತಿ ಸ್ವಲ್ಪ ಏರಿಸಿದರೆ ರಿಯಾಕ್ಟರ್ ಮೊದಲು ಇನ್ನಷ್ಟು ಏರಲು ನೋಡುತ್ತಿತ್ತು, ಆಮೇಲೆ ತಣ್ಣಗಾಗುತ್ತಿತ್ತು. ನ್ಯಾಕ್‌ನ ಹರಿವು ಪೂರ್ತಿ ಇದ್ದಾಗ ಇದು ಕಣ್ಣಿಗೆ ಬೀಳುತ್ತಿರಲಿಲ್ಲ. ಹರಿವು ಕಡಿಮೆ ಮಾಡಿದರೆ ಶಕ್ತಿ ತಾನಾಗಿ ಏರಿ ಇಳಿದು, ಏರಿ ಇಳಿದು ತೂಗಾಡುತ್ತಿತ್ತು.

ತೂಗಾಟ ಯಾಕೆ ಬರುತ್ತದೆ ಎಂಬುದನ್ನು ನಮ್ಮ ಬಚ್ಚಲುಮನೆಯಲ್ಲೇ ನೋಡಬಹುದು. ಗೀಸರ್ ದೂರದಲ್ಲಿದೆ, ಕೊಳವೆ ಉದ್ದವಾಗಿದೆ ಅಂದುಕೊಳ್ಳಿ. ನೀರು ತಣ್ಣಗಿದೆ ಅಂತ ಬಿಸಿ ನಲ್ಲಿ ತಿರುಗಿಸುತ್ತೀರಿ. ಏನೂ ಆಗುವುದಿಲ್ಲ. ಇನ್ನಷ್ಟು ತಿರುಗಿಸುತ್ತೀರಿ. ಸ್ವಲ್ಪ ಹೊತ್ತಾದ ಮೇಲೆ ಕುದಿಯುವ ನೀರು ಬರುತ್ತದೆ, ಗಾಬರಿಯಿಂದ ತಿರುಗಿಸಿ ಮುಚ್ಚುತ್ತೀರಿ. ಮತ್ತೆ ತಣ್ಣೀರು. ನಲ್ಲಿ ಕೆಟ್ಟಿಲ್ಲ, ನೀವು ಮಾಡಿದ್ದೂ ತಪ್ಪಲ್ಲ. ಉತ್ತರ ತಡವಾಗಿ ಬರುತ್ತಿದೆ, ಅಷ್ಟೇ. ಇಬಿಆರ್-1ರಲ್ಲೂ ಶಕ್ತಿಯನ್ನು ಇಳಿಸುವ ಪರಿಣಾಮ ಇತ್ತು, ಅದು ದೊಡ್ಡದೂ ಆಗಿತ್ತು, ಆದರೆ ತಡವಾಗಿ ಬರುತ್ತಿತ್ತು. ಅದಕ್ಕಿಂತ ಮೊದಲು, ಯಾವ ತಡವೂ ಇಲ್ಲದೆ, ಶಕ್ತಿಯನ್ನು ಏರಿಸುವ ಚಿಕ್ಕ ಪರಿಣಾಮವೊಂದು ಬರುತ್ತಿತ್ತು. ಬೇಗ ಬರುವ ಕೇಡನ್ನು ನಿಧಾನವಾಗಿ ಬರುವ ಒಳ್ಳೆಯದು ಮುಚ್ಚಿಟ್ಟಿತ್ತು. ನಿಧಾನವಾಗಿ ಅಳೆದವರಿಗೆ ಎರಡೂ ಕೂಡಿ ‘ಸ್ಥಿರ’ ಅಂತಲೇ ಕಾಣುತ್ತಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಫಾಸ್ಟ್ ರಿಯಾಕ್ಟರ್ ಅಂದರೇನೇ ಆಗ ಹಲವರಿಗೆ ಭಯ ಇತ್ತು. ಅದರಲ್ಲಿ ಒಂದು ನ್ಯೂಟ್ರಾನ್ ಹುಟ್ಟಿ ಮುಂದಿನ ವಿದಳನ, ಅಂದರೆ ಇನ್ನೊಂದು ಪರಮಾಣು ಒಡೆಯುವುದು, ಮಾಡುವಷ್ಟರಲ್ಲಿ ಕಳೆಯುವ ಕಾಲ ಸೆಕೆಂಡಿನ ಕೋಟಿಯಲ್ಲೊಂದು ಭಾಗದಷ್ಟು. ಇಂಥದ್ದನ್ನು ಮನುಷ್ಯರು ಹೇಗೆ ನಿಯಂತ್ರಿಸುತ್ತಾರೆ ಎಂಬ ಪ್ರಶ್ನೆ ಸಹಜ, ಅಲ್ವಾ? ಉತ್ತರ ತಡವಾಗಿ ಹುಟ್ಟುವ ನ್ಯೂಟ್ರಾನುಗಳಲ್ಲಿದೆ. ಯುರೇನಿಯಂ-235 ಒಡೆದಾಗ ಸಾವಿರಕ್ಕೆ ಆರೇಳು ನ್ಯೂಟ್ರಾನುಗಳು ಸೆಕೆಂಡುಗಳಷ್ಟು ತಡವಾಗಿ ಬರುತ್ತವೆ. ಆ ಆರೇಳನ್ನು ನೆಚ್ಚಿಕೊಂಡು ನಡೆಯುವಷ್ಟು ಕಾಲ ಫಾಸ್ಟ್ ರಿಯಾಕ್ಟರ್ ಕೂಡ ಬೇರೆ ರಿಯಾಕ್ಟರುಗಳ ಹಾಗೆ ನಿಧಾನವಾಗಿಯೇ ಮಾತು ಕೇಳುತ್ತದೆ. ಗಡಿ ದಾಟಿದರೆ ಮಾತ್ರ ಹಿಡಿಯುವವರಿಲ್ಲ. ಹಾಗಾಗಿ ತಕ್ಷಣ ಬರುವ, ಶಕ್ತಿ ಏರಿಸುವ ಪರಿಣಾಮ ಎಷ್ಟೇ ಚಿಕ್ಕದಿದ್ದರೂ ಅದನ್ನು ಬಿಟ್ಟುಬಿಡುವ ಹಾಗಿರಲಿಲ್ಲ. ಜಿನ್ ತಂಡ ಬಿಡಲೂ ಇಲ್ಲ. ಶಕ್ತಿ ಏರಿಸಿ ಇಳಿಸುವ ನಿಯಂತ್ರಣ ಸರಳನ್ನು ಬೇಕಂತಲೇ ಮುಂದೆ ಹಿಂದೆ ಆಡಿಸಿ, ಶಕ್ತಿ ಅದನ್ನು ಎಷ್ಟು ತಡವಾಗಿ, ಎಷ್ಟು ಜೋರಾಗಿ ಹಿಂಬಾಲಿಸುತ್ತದೆ ಎಂದು ಅಳೆದರು. ಹರಿವು ಬದಲಿಸಿ ಬದಲಿಸಿ ಅಳೆದರು. ಮಾರ್ಕ್-2ನ್ನು ಹೇಗೂ ತೆಗೆಯುವ ಕಾಲ ಬಂದಿತ್ತು. ಅದಕ್ಕೂ ಮೊದಲು ಕೊನೆಯದೊಂದು ಪರೀಕ್ಷೆ ಉಳಿದಿತ್ತು: ಹರಿವನ್ನು ಪೂರ್ತಿ ನಿಲ್ಲಿಸಿ ನೋಡುವುದು.

ನವೆಂಬರ್ 29ರಂದು ಮಾಡಿದ್ದು ಅದನ್ನೇ. ಪಂಪಿನ ಹರಿವು ನಿಂತರೆ ರಿಯಾಕ್ಟರ್ ತಾನಾಗಿ ಆರಿಹೋಗುವಂತೆ ಒಂದು ರಕ್ಷಣೆ ಇತ್ತು. ಪರೀಕ್ಷೆ ನಡೆಯಲಿ ಎಂದು ಅದನ್ನು ತಪ್ಪಿಸಿದ್ದರು. ಬಹಳ ಸಣ್ಣ ಶಕ್ತಿಯಿಂದ ಶುರುಮಾಡಿ 60 ಸೆಕೆಂಡಿನ ‘ಪಿರಿಯಡ್’ನಲ್ಲಿ ಏರಿಸಿದರು. ಪಿರಿಯಡ್ ಅಂದರೆ ಶಕ್ತಿ 2.7 ಪಟ್ಟು ಏರಲು ಬೇಕಾದ ಹೊತ್ತು. 60 ಸೆಕೆಂಡ್ ಅಂದರೆ ಆರಾಮದ ಏರಿಕೆ. ಸರಳುಗಳು ಬಿಸಿಯಾಗುತ್ತಿದ್ದ ಹಾಗೆ ಈ ಪಿರಿಯಡ್ ತಾನಾಗಿ ಚಿಕ್ಕದಾಗುತ್ತಾ ಬಂತು. ತಂಡ ನೋಡಬೇಕೆಂದಿದ್ದೂ ಅದನ್ನೇ. ಒಂದು ಹಂತಕ್ಕೆ ಬಂದ ಕೂಡಲೇ ನಿಲ್ಲಿಸುವುದು ಯೋಜನೆ.

ನಿಲ್ಲಿಸಲು ಎರಡು ದಾರಿ ಇದ್ದವು. ಒಂದು, ಮೋಟಾರಿನಿಂದ ನಿಧಾನವಾಗಿ ಸರಿಯುವ ನಿಯಂತ್ರಣ ಸರಳುಗಳು. ದಿನಾ ರಿಯಾಕ್ಟರ್ ಆರಿಸುವಾಗ ಬಳಸುವುದು ಅದನ್ನೇ. ಇನ್ನೊಂದು ಸ್ಕ್ರ್ಯಾಮ್, ಅಂದರೆ ತುರ್ತು ನಿಲುಗಡೆ. ‘ನಿಲ್ಲಿಸು’ ಎಂದಾಗ ಆಪರೇಟರಿನ ಕೈ ದಿನದ ರೂಢಿಯಂತೆ ಮೋಟಾರಿನ ಗುಂಡಿಗೆ ಹೋಯಿತು. ಪರೀಕ್ಷೆಯ ಹೊಣೆ ಹೊತ್ತಿದ್ದ ವಿಜ್ಞಾನಿ ಅದನ್ನು ನೋಡಿ, ತಾನೇ ಕೈ ಚಾಚಿ ಸ್ಕ್ರ್ಯಾಮ್ ಗುಂಡಿ ಒತ್ತಿದರು. ನಡುವೆ ಹೋದದ್ದು ಹೆಚ್ಚೆಂದರೆ ಎರಡು ಸೆಕೆಂಡ್. ಆ ಹೊತ್ತಿಗೆ ಪಿರಿಯಡ್ ಒಂದು ಸೆಕೆಂಡಿಗಿಂತ ಕೆಳಗಿತ್ತು. ಎರಡು ಸೆಕೆಂಡಿನಲ್ಲಿ ಶಕ್ತಿ ಎಷ್ಟೋ ಪಟ್ಟು ಏರಿತ್ತು, ಶಾಖ ಹೊತ್ತೊಯ್ಯಲು ಹರಿವೇ ಇರಲಿಲ್ಲ.

ಯುರೇನಿಯಂ 1,130 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ, ಸ್ಟೀಲ್ ಇನ್ನೂ ಮೇಲೆ. ಆದರೆ ಯುರೇನಿಯಂ ಮತ್ತು ಕಬ್ಬಿಣ ಒಂದನ್ನೊಂದು ತಾಗಿ ಬೆರೆತರೆ ಆ ಮಿಶ್ರಣ 725 ಡಿಗ್ರಿಗೇ ನೀರಾಗುತ್ತದೆ. ಅಕ್ಕಸಾಲಿಗರು ಬೆಸುಗೆ ಹಾಕುವಾಗ ನಂಬುವ ಗುಣವೇ ಇದು, ಇಲ್ಲಿ ಅದೇ ಮುಳುವಾಯಿತು. ಕೋರಿನ ಶೇ. 40ರಿಂದ 50ರಷ್ಟು ಕರಗಿತು.

ಕರಗಿದ ಕೋರನ್ನು ಹೊರತೆಗೆದು, ದಪ್ಪ ಗೋಡೆಗಳ ಹಿಂದಿನಿಂದ ಯಂತ್ರದ ಕೈಗಳಿಂದ ಬಿಡಿಸಿ ನೋಡಿದವರಿಗೆ ಕಂಡದ್ದು ಹೀಗಿತ್ತು. ಹೊರಸಾಲಿನ ಸರಳುಗಳು ನಿಂತೇ ಇವೆ. ನಡುವೆ ಸರಳು ಎಂಬುದೇ ಇಲ್ಲ, ಯುರೇನಿಯಂ ಮತ್ತು ಸ್ಟೀಲ್ ಕೂಡಿಕೊಂಡ ಗಟ್ಟಿ. ಅದರಲ್ಲಿ ಕೆಲವು ಕಡೆ ಸ್ಪಂಜಿನ ಹಾಗೆ ತೂತು ತೂತು. ಕರಗಿದ ಲೋಹದೊಳಗೆ ಸಿಕ್ಕಿಬಿದ್ದ ನ್ಯಾಕ್ ಆವಿಯಾಗಿ ಉಬ್ಬಿದ್ದರಿಂದ ಹಾಗಾಗಿತ್ತು, ಪಾಕ ಉಕ್ಕಿ ಬಂದು ಮೈಸೂರು ಪಾಕ್ ಜಾಲಿಯಾಗುತ್ತದಲ್ಲ, ಹಾಗೆ. ಈ ಉಬ್ಬು ಒಂದು ಒಳ್ಳೆಯದನ್ನೂ ತೋರಿಸಿತು. ಕರಗಿದ ಇಂಧನ ಒತ್ತೊತ್ತಾಗಿ ಕೂಡಿ ಸ್ಫೋಟಕ್ಕೆ ದಾರಿಯಾಗುತ್ತದೆಯೇ ಎಂಬುದೇ ಆಗಿನ ದೊಡ್ಡ ಆತಂಕ. ಇಲ್ಲಿ ಅದು ಚದುರಿತ್ತು. ಒಂದೇ ಪ್ರಕರಣದಿಂದ ನಿಯಮ ಮಾಡಲಾಗದು ಎಂಬುದು ಎಲ್ಲರಿಗೂ ಗೊತ್ತಿತ್ತು. 1956ರಲ್ಲೇ ಭೌತವಿಜ್ಞಾನಿಗಳಾದ ಹಾನ್ಸ್ ಬೇಥ ಮತ್ತು ಟೇಟ್ ಇಬ್ಬರೂ ಸೇರಿ, ಕರಗಿದ ಫಾಸ್ಟ್ ಕೋರ್ ಕುಸಿದು ಕೂಡಿದರೆ ಎಷ್ಟು ಶಕ್ತಿ ಹೊರಬಂದೀತು ಎಂಬ ಲೆಕ್ಕ ಹಾಕಿದರು. ಈ ಕ್ಷೇತ್ರದವರು ಇವತ್ತಿಗೂ ಅದರಿಂದಲೇ ಪಾಠ ಶುರುಮಾಡುತ್ತಾರೆ.

ಈಗ ಮೂಲ ಪ್ರಶ್ನೆಗೆ ಬರೋಣ. ತಕ್ಷಣ ಶಕ್ತಿ ಏರಿಸುತ್ತಿದ್ದದ್ದು ಏನು?

ಹಳೇ ಇಸ್ತ್ರಿ ಪೆಟ್ಟಿಗೆಯ ಥರ್ಮೋಸ್ಟ್ಯಾಟ್ ಬಿಚ್ಚಿ ನೋಡಿದವರಿಗೆ ಎರಡು ಲೋಹ ಅಂಟಿಸಿದ ಪಟ್ಟಿ ಗೊತ್ತಿರುತ್ತದೆ. ಜಾಸ್ತಿ ಹಿಗ್ಗುವ ಲೋಹ ಉಬ್ಬಿನ ಹೊರಗಡೆ ಬರುವಂತೆ ಪಟ್ಟಿ ಬಾಗುತ್ತದೆ. ಒಂದೇ ಲೋಹವಾದರೂ ಒಂದು ಮಗ್ಗುಲು ಜಾಸ್ತಿ ಬಿಸಿಯಾದರೆ ಆಗುವುದು ಅದೇ. ರಿಯಾಕ್ಟರ್ ಕೋರಿನಲ್ಲಿ ನಡುವೆ ಶಾಖ ಜಾಸ್ತಿ, ಅಂಚಿನಲ್ಲಿ ಕಡಿಮೆ. ಹಾಗಾಗಿ ಪ್ರತಿ ಸರಳಿನಲ್ಲೂ ನಡುವಿನ ಕಡೆಗೆ ಮುಖ ಮಾಡಿದ ಮಗ್ಗುಲು ಹೆಚ್ಚು ಬಿಸಿ. ಸರಳಿನ ಎರಡು ತುದಿ ಹಿಡಿದಿವೆ, ನಡು ಬಿಟ್ಟಿದೆ. ಬಿಸಿಯಾದ ಕೂಡಲೇ ನಡು ಉಬ್ಬುತ್ತದೆ, ಬಿಸಿ ಇರುವ ಕಡೆಗೆ, ಅಂದರೆ ಕೋರಿನ ಒಳಕ್ಕೆ. ನೂರಾರು ಸರಳುಗಳು ಒಟ್ಟಿಗೆ ಒಳಕ್ಕೆ ಬಾಗಿದವು. ಒಂದೊಂದೂ ಬಾಗಿದ್ದು ಮಿಲಿಮೀಟರಿನ ಪುಟ್ಟ ಭಾಗ. ಕೋರ್ ಅಷ್ಟು ಬಿಗಿಯಾಯಿತು, ಶಕ್ತಿ ಏರಿತು. ಏರಿದ್ದರಿಂದ ಇನ್ನಷ್ಟು ಬಿಸಿ, ಇನ್ನಷ್ಟು ಬಾಗು.

ತಡವಾಗಿ ಬರುತ್ತಿದ್ದ ಒಳ್ಳೆಯ ಪರಿಣಾಮ ಸರಳುಗಳನ್ನು ಹಿಡಿದಿದ್ದ ತೂತಿನ ಉಕ್ಕಿನ ತಟ್ಟೆಗಳಂಥ ಸುತ್ತಣ ಭಾಗಗಳಿಂದ ಬರುತ್ತಿತ್ತು. ಅವು ಹಿಗ್ಗಿದಾಗ ಸರಳುಗಳು ದೂರ ಸರಿಯುತ್ತಿದ್ದವು. ಆದರೆ ಅವು ಹಿಗ್ಗಬೇಕಾದರೆ ಕೋರಿನ ಶಾಖ ಅಲ್ಲಿಗೆ ತಲುಪಬೇಕು. ತಲುಪಿಸುವುದು ಹರಿಯುವ ನ್ಯಾಕ್. ಹರಿವು ನಿಲ್ಲಿಸಿದರೆ? ಕೇಡು ಬರುವ ದಾರಿ ತೆರೆದೇ ಇತ್ತು, ಅದನ್ನು ತಡೆಯುವ ದಾರಿ ಮುಚ್ಚಿಹೋಯಿತು. ನವೆಂಬರ್ 29ರ ಪರೀಕ್ಷೆ ಈ ಎರಡನ್ನೂ ಬೇರೆ ಬೇರೆ ಮಾಡಿ ತೋರಿಸಿತು, ಯಾರೂ ಬಯಸದಷ್ಟು ಚೆನ್ನಾಗಿ.

ಆದರೆ ಇದೆಲ್ಲ ಊಹೆಯೇ ಅಲ್ಲವೇ ಎಂದು ಕೇಳಿದವರೂ ಇದ್ದರು. ಅದಕ್ಕೆ ಆರ್ಗಾನ್ ತಂಡ ಕೊಟ್ಟ ಉತ್ತರ ನನಗೆ ಈ ಇಡೀ ಪ್ರಕರಣದಲ್ಲಿ ತುಂಬಾ ಇಷ್ಟವಾದದ್ದು. 1957ರಲ್ಲಿ ಮಾರ್ಕ್-3 ಕೋರ್ ತಂದರು. ಇಂಧನ ಅದೇ ಯುರೇನಿಯಂ-ಜಿರ್ಕೋನಿಯಂ, ಹೊದಿಕೆ ಜಿರ್ಕೋನಿಯಂ ಮಿಶ್ರಲೋಹದ್ದು, ಇಂಧನಕ್ಕೇ ಬೆಸೆದಂತೆ ಅಂಟಿದ್ದು. ಪ್ರತಿ ಸರಳಿನ ಮೈಮೇಲೆ ಉದ್ದಕ್ಕೂ ಏಣುಗಳು. ಸರಳುಗಳನ್ನು ಷಟ್ಕೋನದ ಕಟ್ಟುಗಳಾಗಿ ಮಾಡಿ ಹೊರಗಿನಿಂದ ಬಿಗಿದರೆ, ಏಣಿಗೆ ಏಣು ತಾಗಿ ಯಾವ ಸರಳೂ ಅಲುಗಾಡುವಂತಿಲ್ಲ. ಹೀಗೆ ಬಿಗಿದು ಅಳೆದರು. ತಕ್ಷಣ ಏರುವ ಪರಿಣಾಮ ಮಾಯ. ಹರಿವು ಕಡಿಮೆ ಮಾಡಿದರೂ ತೂಗಾಟವಿಲ್ಲ. ಅಷ್ಟಕ್ಕೆ ಬಿಡಲಿಲ್ಲ. ಬಿಗಿತ ಸಡಿಲಿಸಿ, ಸರಳುಗಳಿಗೆ ಬಾಗಲು ಜಾಗ ಕೊಟ್ಟು ಮತ್ತೆ ಅಳೆದರು. ಹಳೇ ಕಾಯಿಲೆ ಮರಳಿ ಬಂತು. ಮದ್ದು ಕೊಟ್ಟರೆ ಹೋಗುತ್ತದೆ, ನಿಲ್ಲಿಸಿದರೆ ಬರುತ್ತದೆ ಎಂದಾದರೆ ಕಾಯಿಲೆ ಯಾವುದು ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

ನಮ್ಮ ಕಲ್ಪಾಕ್ಕಂನ 500 ಮೆಗಾವ್ಯಾಟಿನ ಫಾಸ್ಟ್ ಬ್ರೀಡರ್ ಪಿಎಫ್‌ಬಿಆರ್ ರಿಯಾಕ್ಟರಿನ ಒಂದೊಂದು ಇಂಧನ ಕಟ್ಟಿನಲ್ಲೂ 217 ಸರಳುಗಳಿವೆ, ಪ್ರತಿ ಸರಳಿಗೂ ಸುರುಳಿಯಾಗಿ ತಂತಿ ಸುತ್ತಿದ್ದಾರೆ. ಷಟ್ಕೋನದಲ್ಲಿ ಸಾಲು ಸಾಲಾಗಿ ಜೋಡಿಸುತ್ತಾ ಹೋದರೆ 217 ಬರುವುದು ಬರೀ ಗಣಿತ, ಬೇರೇನೂ ಸಂಬಂಧವಿಲ್ಲ. ಆದರೆ ಆ ತಂತಿ ಸುಮ್ನೆ ಸುತ್ತಿದ್ದಲ್ಲ. ಸರಳು ಸರಳಿನ ನಡುವಿನ ಸಂದು ಕಾಯುವುದು ಅದೇ.

ಹೊರಜಗತ್ತಿಗೆ ವಿಷಯ ತಿಳಿದ ಬಗೆ ಅಷ್ಟು ಚೆನ್ನಾಗಿರಲಿಲ್ಲ. ಅದೇ 1955ರ ಜುಲೈನಲ್ಲಿ ಅದೇ ಬಯಲಿನ ಬೊರಾಕ್ಸ್-3 ಎಂಬ ಬೇರೊಂದು ರಿಯಾಕ್ಟರ್ ಆರ್ಕೊ ಊರಿಗೆ ಸ್ವಲ್ಪ ಹೊತ್ತು ದೀಪ ಕೊಟ್ಟಿತ್ತು, ಅದು ದೊಡ್ಡ ಸುದ್ದಿಯಾಗಿತ್ತು. ಕೋರ್ ಕರಗಿದ್ದು ಮಾತ್ರ ಮರುವರ್ಷ ವಸಂತ ಬರುವವರೆಗೆ ಹೊರಗೆ ಬರಲಿಲ್ಲ. ಅಷ್ಟರಲ್ಲಿ ಡೆಟ್ರಾಯಿಟ್ ಹತ್ತಿರ ಫರ್ಮಿ-1 ಎಂಬ ದೊಡ್ಡ ಫಾಸ್ಟ್ ರಿಯಾಕ್ಟರ್ ಕಟ್ಟಲು ಅರ್ಜಿ ಬಿದ್ದಿತ್ತು. 1956ರ ಜೂನ್‌ನಲ್ಲಿ ಸುರಕ್ಷತೆಯ ಸಲಹಾ ಸಮಿತಿ ‘ಇಷ್ಟು ಮಾಹಿತಿ ಸಾಲದು’ ಎಂಬರ್ಥದ ಪತ್ರ ಬರೆಯಿತು. ಅದರಲ್ಲಿ ಇಬಿಆರ್-1ರ ಪ್ರಕರಣದ ನೆರಳಿತ್ತು. ಆದರೂ ಆಗಸ್ಟ್‌ನಲ್ಲಿ ಅನುಮತಿ ಸಿಕ್ಕಿತು. ಕಾರ್ಮಿಕ ಸಂಘಟನೆಗಳು ಕೋರ್ಟಿಗೆ ಹೋದವು, ಜಗಳ ಸುಪ್ರೀಂ ಕೋರ್ಟ್ ತನಕ ಹೋಗಿ 1961ರಲ್ಲಿ ಮುಗಿಯಿತು, ಸಂಘಟನೆಗಳು ಸೋತವು. 1966ರ ಅಕ್ಟೋಬರಿನಲ್ಲಿ ಫರ್ಮಿ-1ರಲ್ಲೂ ಇಂಧನ ಕರಗಿತು. ಕಾರಣ ಬೇರೆ: ಒಳಗೆ ಕಳಚಿಬಿದ್ದ ಜಿರ್ಕೋನಿಯಂ ತಗಡೊಂದು ಸೋಡಿಯಂ ಹರಿವಿಗೆ ಅಡ್ಡ ಬಂದಿತ್ತು. 1955-56ರ ಆ ತಿಂಗಳುಗಳ ಮೌನ ಇಬಿಆರ್-1ರ ತಂಡಕ್ಕೂ ಅನ್ಯಾಯ ಮಾಡಿತು ಎಂದು ನನಗನ್ನಿಸುತ್ತದೆ. ಅವರು ಕಂಡುಹಿಡಿದ ಕಾರಣಕ್ಕಿಂತ ಮುಚ್ಚಿಟ್ಟ ಸುದ್ದಿಯೇ ಜನರ ನೆನಪಿನಲ್ಲಿ ಉಳಿಯಿತು.

ಇಬಿಆರ್-1 ಆಮೇಲೂ ನಡೆಯಿತು. 1962ರಲ್ಲಿ ಪ್ಲುಟೋನಿಯಂ ತುಂಬಿದ ಮಾರ್ಕ್-4 ಬಂತು, ಅದರಲ್ಲಿ ಬ್ರೀಡಿಂಗ್ ಅಂಕಿ 1.27ಕ್ಕೆ ಏರಿತು. 1963ರ ಕೊನೆಗೆ ರಿಯಾಕ್ಟರ್ ನಿಲ್ಲಿಸಿದರು.

ಅದೇ ಬಯಲಿನಲ್ಲಿ ಆಗಲೇ ತಮ್ಮ ತಯಾರಾಗಿತ್ತು, ಇಬಿಆರ್-2. ಸರಳು ಬಾಗುವುದನ್ನು ಮೊದಲಿನಿಂದಲೇ ಲೆಕ್ಕಕ್ಕೆ ತೆಗೆದುಕೊಂಡು ಕಟ್ಟಿದ ರಿಯಾಕ್ಟರ್. ಅಲ್ಲಿ ಕಾಡಿದ್ದು ಇನ್ನೊಂದು ತೊಂದರೆ: ಲೋಹದ ಇಂಧನ ಊದುತ್ತದೆ. ವಿದಳನದಲ್ಲಿ ಹುಟ್ಟುವ ಅನಿಲ ಒಳಗೆ ಗುಳ್ಳೆ ಕಟ್ಟಿ, ಇಂಧನ ಹೊದಿಕೆಯನ್ನು ಒತ್ತಿ ಒಡೆಯುತ್ತಿತ್ತು. ಊದದ ಮಿಶ್ರಲೋಹ ಹುಡುಕಿ ಹುಡುಕಿ ಸಾಕಾದ ಮೇಲೆ ಯೋಚನೆಯನ್ನೇ ತಿರುಗಿಸಿದರು. ಊದಲಿ ಬಿಡಿ, ಜಾಗ ಕೊಡೋಣ. ಕೊಳವೆಯೊಳಗೆ ಮುಕ್ಕಾಲು ಭಾಗ ಮಾತ್ರ ಇಂಧನ ತುಂಬಿ, ಸುತ್ತ ಸೋಡಿಯಂ ಇಟ್ಟರು. ಇಂಧನ ಶೇ. 30ರಷ್ಟು ಊದುವ ಹೊತ್ತಿಗೆ ಗುಳ್ಳೆಗಳು ಒಂದಕ್ಕೊಂದು ಕೂಡಿ ದಾರಿಯಾಗುತ್ತದೆ, ಅನಿಲ ಮೇಲಿನ ಖಾಲಿ ಜಾಗಕ್ಕೆ ಹೋಗುತ್ತದೆ, ಒತ್ತುವುದು ನಿಲ್ಲುತ್ತದೆ. ಶುರುವಿನಲ್ಲಿ ನೂರಕ್ಕೆ ಒಂದೆರಡು ಪರಮಾಣು ಸುಡುವಷ್ಟರಲ್ಲಿ ಬದಲಿಸಬೇಕಿದ್ದ ಇಂಧನ, ಪರೀಕ್ಷೆಗಳಲ್ಲಿ ಇಪ್ಪತ್ತರ ಹತ್ತಿರದವರೆಗೆ ತಾಳಿತು.

1986ರ ಏಪ್ರಿಲ್ 3ರಂದು ಇಬಿಆರ್-2ನ್ನು ಪೂರ್ಣ ಶಕ್ತಿಯಲ್ಲಿಟ್ಟು, ಸ್ಕ್ರ್ಯಾಮ್ ಕೆಲಸ ಮಾಡದಂತೆ ಮಾಡಿ, ಮುಖ್ಯ ಪಂಪುಗಳನ್ನು ನಿಲ್ಲಿಸಿದರು. ಹರಿವು ಇಳಿಯಿತು, ತಾಪ ಸರ್ರನೆ ಏರಿತು, ಕೋರಿನ ಭಾಗಗಳು ಹಿಗ್ಗಿ ಹೊರಕ್ಕೆ ಸರಿದವು. ಕೆಲವೇ ನಿಮಿಷಗಳಲ್ಲಿ ರಿಯಾಕ್ಟರ್ ತಾನಾಗಿ ಆರಿತು. ನಿಯಂತ್ರಣ ಕೋಣೆಯಲ್ಲಿದ್ದವರು ಯಾವ ಗುಂಡಿಯನ್ನೂ ಒತ್ತಲಿಲ್ಲ.